ಆಸ್ಟ್ರೇಲಿಯದ ಅಪಹೃತ ಸಂತತಿ: ಲಿಖಿತವೂ ಸಾಕ್ಷಿಯೂ

ಆಸ್ಟ್ರೇಲಿಯ ಖಂಡದಲ್ಲಿ ಪ್ರತಿವರ್ಷವೂ ಮೇ ತಿಂಗಳ ೨೬ನೆಯ ದಿನವನ್ನು ಒಂದು ದುಃಖಸ್ಮರಣೆಯ ದಿನವಾಗಿ ಆಚರಿಸುವ ಪದ್ಧತಿಯುಂಟು. ಆ ದೇಶದ ಮೂಲನಿವಾಸಿಗಳ ಮಕ್ಕಳನ್ನು ರಾಜಶಾಸನದ ಬಲದಿಂದ ತಾಯಿತಂದೆಗಳಿಂದ ಅಗಲಿಸಿ, ದೂರದ ಅನಾಥಗೃಹಗಳಲ್ಲಿಯೂ ಬಿಳಿಯರ ಮನೆಗಳಲ್ಲಿಯೂ ಬೆಳೆಸಿದ ವೃತ್ತಾಂತವನ್ನು ಶೋಧಿಸಿದ ಆಯೋಗದ ವರದಿಯು ೧೯೯೭ನೆಯ ಇಸವಿಯ ಆ ದಿನ ಅಲ್ಲಿಯ ಪಾರ್ಲಿಮೆಂಟಿನ ಮುಂದೆ ಬಂದಿತು. ಮರುವರ್ಷದಿಂದ ಆ ದಿನಕ್ಕೆ ‘ಸಾರಿ ಡೇ’ ಎಂಬ ಹೆಸರು ಸಲ್ಲುತ್ತಿದೆ. ಈ ವೃತ್ತಾಂತಕ್ಕೆ ಆಧಾರಗಳು ಎರಡು ಬಗೆಯವು. ಒಯ್ದವರು ಬರೆದಿಟ್ಟ ಕಾಗದಪತ್ರಗಳು ಒಂದು. ಒಯ್ಯಲ್ಪಟ್ಟವರ ಬಾಯಿಮಾತು ಇನ್ನೊಂದು. ಇವೆರಡರಲ್ಲಿ ಯಾವುದು ಎಷ್ಟರಮಟ್ಟಿಗೆ ಪ್ರಮಾಣವೆಂಬ ಪ್ರಶ್ನೆಯು ಆ ದೇಶದ ಇತಿಹಾಸಕಾರರಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ಬಹುಕಾಲ ವಿವಾದಗ್ರಸ್ತವಾಗಿದ್ದಿತು. ಶಬ್ದಾರ್ಥವಿಚಾರದಲ್ಲಿಯೂ ಪ್ರಮಾಣವಿಚಾರದಲ್ಲಿಯೂ ಆಸಕ್ತಿಯುಳ್ಳ ವಾಚಕರಿಗೆ ಆ ವಿವಾದವು ವಿಚಾರಣೀಯವೆಂದು ತೋರದೆ ಇರದು.

ಮೊದಲು ಶಾಸನಗಳ ಹೆಸರನ್ನು ನೋಡತಕ್ಕದ್ದು. ವಿಕ್ಟೋರಿಯ ಪ್ರಾಂತದಲ್ಲಿ ೧೮೬೯ರಲ್ಲಿಯೂ, ಕ್ವೀನ್ಸ್‌ಲೆಂಡಿನಲ್ಲಿ ೧೮೯೭ರಲ್ಲಿಯೂ, ನ್ಯೂ ಸೌತ್ ವೇಲ್ಸಿನಲ್ಲಿ ೧೯೦೯ರಲ್ಲಿಯೂ ಹುಟ್ಟಿದ ಶಾಸನಗಳೆಲ್ಲವೂ ಮೂಲನಿವಾಸಿಗಳ ‘ರಕ್ಷಣೆ’ಯ ಶಾಸನಗಳೆಂದೇ ಹೆಸರು ಪಡೆದವು. ನ್ಯೂ ಸೌತ್ ವೇಲ್ಸಿನಲ್ಲಿ ೧೮೮೩ರಲ್ಲಿ ಸ್ಥಾಪಿತವಾದ ಬೋರ್ಡಿಗೆ ರಕ್ಷಣೆಯ ಬೋರ್ಡೆಂದು ಹೆಸರು. ಪಶ್ಚಿಮ ಆಸ್ಟ್ರೇಲಿಯದ ಮುಖ್ಯಾಧಿಕಾರಿಗೆ ‘ಮುಖ್ಯ ರಕ್ಷಕ’ನೆಂದು ಹೆಸರು. ಅಲ್ಲಿ ೧೯೦೫ರ ಶಾಸನದ ಪ್ರಕಾರ ಹದಿನಾರು ವರ್ಷಕ್ಕೆ ಕೆಳಗಿನ ಪ್ರತಿಯೊಂದು ಮೂಲನಿವಾಸಿಯ ಮಗುವಿಗೂ ಮಿಶ್ರಜಾತಿಯ ಮಗುವಿಗೂ ಆ ರಕ್ಷಕನೇ ನ್ಯಾಯಸಮ್ಮತ ಪೋಷಕನು. ಹೆತ್ತತಾಯಿ ಬದುಕಿರುವಳೋ ಇಲ್ಲವೋ ಎಂಬ ವಿಚಾರಕ್ಕೆ ಅಲ್ಲಿ ಅವಕಾಶವೇ ಇರಲಿಲ್ಲ. ತ್ರಾಣಾರ್ಥಕವಾದ ಧಾತುವಿನ ಯೋಗದಲ್ಲಿ ಭಯಕ್ಕೆ ಹೇತುವಾದುದು ಅಪಾದಾನವಾಗುತ್ತದೆಂದು ವೈಯಾಕರಣರ ನಿಯಮ. ಕಳ್ಳರಿಂದ ಕಾಯುವುದು, ಹುಲಿಯಿಂದ ಕಾಯುವುದು ಎಂಬಲ್ಲಿ ಕಳ್ಳರೂ ಹುಲಿಯೂ ಅಪಾದಾನ. ಹಾಗಾದರೆ ಈ ಶಾಸನಗಳಲ್ಲಿ ಮಕ್ಕಳಿಗೆ ಯಾರಿಂದ ರಕ್ಷಣೆ? ಶಾಸನದ ಹೆಸರು ಇದನ್ನು ಹೇಳುವುದಿಲ್ಲ. ಆಚರಣೆಯನ್ನು ನೋಡಿದರೆ ತಾಯಿಯೇ ಆ ಅಪಾದಾನದ ಸ್ಥಾನದಲ್ಲಿ ನಿಂತಂತೆ ಕಾಣುತ್ತದೆ.

ನ್ಯೂ ಸೌತ್ ವೇಲ್ಸಿನ ೧೯೦೯ರ ಶಾಸನದಲ್ಲಿ, ಮಗುವು ಅಲಕ್ಷ್ಯಕ್ಕೆ ಗುರಿಯಾಗಿದೆಯೆಂದು ನ್ಯಾಯಾಧೀಶನ ಮುಂದೆ ಸಿದ್ಧಪಡಿಸಬೇಕೆಂಬ ನಿರ್ಬಂಧವಾದರೂ ಇದ್ದಿತು. ಈ ನಿರ್ಬಂಧವು ಬೋರ್ಡಿಗೆ ತೊಡಕಾಗಿ ತೋರಿತು. ಏಕೆಂದರೆ ಚೆನ್ನಾಗಿ ಉಂಡುಟ್ಟು ಬೆಳೆಯುತ್ತಿದ್ದ ಮಗುವನ್ನು ಅಲಕ್ಷಿತವೆಂದು ಸಾಧಿಸುವುದು ಸುಲಭವಲ್ಲ. ಆದಕಾರಣ ೧೯೧೫ರಲ್ಲಿ ತಿದ್ದುಪಡಿಯಾಯಿತು. ಅಂದಿನಿಂದ ಮಗುವಿನ ನೈತಿಕ ಅಥವಾ ದೈಹಿಕ ಹಿತಕ್ಕೆ ಆವಶ್ಯಕವೆಂದು ಬೋರ್ಡಿಗೆ ತೋರಿದರೆ ಸಾಕು, ನ್ಯಾಯಸ್ಥಾನದ ಗೊಡವೆಯಿಲ್ಲದೆ ಒಯ್ಯಬಹುದಾಯಿತು. ಈ ಮಸೂದೆಯನ್ನು ಚರ್ಚಿಸುವಾಗಲೇ ಮೆಕ್‌ಗ್ಯಾರಿ ಎಂಬ ಶಾಸನಸಭಾಸದಸ್ಯರು ಇದು ಮಗುವನ್ನು ತಂದೆತಾಯಿಗಳಿಂದ ಕದಿಯುವುದೆಂದು ಆಕ್ಷೇಪಿಸಿದರು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ‘ಕದ್ದ ಮಕ್ಕಳು’ ಎಂಬ ಮಾತು ಇತ್ತೀಚಿನ ಲೇಖಕರು ಆವೇಶದಿಂದ ಕಟ್ಟಿದ್ದೆಂದು ಹೇಳುವವರು ಉಂಟು. ಶಾಸನವು ಹುಟ್ಟಿದ ಮನೆಯಲ್ಲಿಯೇ ಆ ಮಾತೂ ಹುಟ್ಟಿತೆಂಬುದನ್ನು ಅವರು ಗಮನಿಸಿದಂತಿಲ್ಲ.

ಇಷ್ಟೆಲ್ಲ ಯತ್ನವು ವಿಶೇಷವಾಗಿ ಮಿಶ್ರವರ್ಣದ ಮಕ್ಕಳ ವಿಷಯದಲ್ಲಿ ನಡೆಯಿತು. ಪೂರ್ಣರಕ್ತದವರು ಕಾಲಕ್ರಮದಲ್ಲಿ ನಶಿಸಿಹೋಗುವರೆಂದೂ, ಅರ್ಧರಕ್ತದವರನ್ನು ಬಿಳಿಯರಲ್ಲಿ ಕರಗಿಸಿಬಿಟ್ಟರೆ ಪ್ರಶ್ನೆಯೇ ಉಳಿಯದೆಂದೂ ಅಂದಿನ ಅಧಿಕಾರಿಗಳ ಎಣಿಕೆ. ಅರ್ಧ, ಚತುರ್ಥ, ಅಷ್ಟಮ ಎಂದು ಮನುಷ್ಯರ ರಕ್ತವನ್ನು ಭಿನ್ನರಾಶಿಗಳಿಂದ ಅಳೆದು ಕಡತಗಳಲ್ಲಿ ಬರೆದರು. ೧೯೧೫ರಿಂದ ೧೯೪೦ರವರೆಗೆ ಪಶ್ಚಿಮ ಆಸ್ಟ್ರೇಲಿಯದಲ್ಲಿ ಈ ಅಧಿಕಾರವನ್ನು ನಡೆಸಿದ ಎ. ಓ. ನೆವಿಲ್ ಎಂಬವರು ಈ ಮತದ ಮುಖ್ಯ ಪ್ರತಿಪಾದಕರು. ೧೯೩೭ರ ಏಪ್ರಿಲಿನಲ್ಲಿ ಕ್ಯಾನ್‌ಬೆರಾ ನಗರದಲ್ಲಿ ಪ್ರಾಂತಗಳ ಅಧಿಕಾರಿಗಳು ಸೇರಿ, ಪೂರ್ಣರಕ್ತದವರಲ್ಲದ ಮೂಲನಿವಾಸಿಗಳ ಭವಿತವ್ಯವು ಉಳಿದ ಜನರಲ್ಲಿ ಲೀನವಾಗುವುದೇ ಎಂದು ನಿರ್ಣಯಿಸಿದರು. ಆ ಸಭೆಯಲ್ಲಿ ಒಬ್ಬ ತಾಯಿಯ ಅಭಿಪ್ರಾಯವನ್ನೂ ಕೇಳಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈ ನೀತಿಯ ಫಲವನ್ನು ಒಂದೇ ಕುಟುಂಬದಲ್ಲಿ ನೋಡಬಹುದು. ೧೯೩೧ರಲ್ಲಿ ಜಿಗಲಾಂಗ್ ಪ್ರದೇಶದಿಂದ ಮಾಲಿ, ಡೇಸಿ, ಗ್ರೇಸಿ ಎಂಬ ಮೂವರು ಹುಡುಗಿಯರನ್ನು ಪರ್ತ್ ನಗರದ ಉತ್ತರಕ್ಕಿರುವ ಮೂರ್ ರಿವರ್ ವಸತಿಗೆ ಒಯ್ದರು. ಅವರು ಅಲ್ಲಿಂದ ತಪ್ಪಿಸಿಕೊಂಡು, ಮೊಲಗಳನ್ನು ತಡೆಯುವುದಕ್ಕಾಗಿ ಸರಕಾರದವರು ನೆಟ್ಟಿದ್ದ ಬೇಲಿಯ ಗುರುತನ್ನು ಹಿಡಿದು ಸುಮಾರು ೧೬೦೦ ಕಿಲೋಮೀಟರು ದೂರವನ್ನು ಕಾಲ್ನಡಿಗೆಯಲ್ಲಿ ಕ್ರಮಿಸತೊಡಗಿದರು. ಗ್ರೇಸಿ ನಡುದಾರಿಯಲ್ಲಿ ಮತ್ತೆ ಸೆರೆಸಿಕ್ಕಳು. ಮಿಕ್ಕ ಇಬ್ಬರು ತಾಯಂದಿರನ್ನು ಸೇರಿದರು. ಕಥೆ ಇಲ್ಲಿಗೆ ಮುಗಿಯುವುದೆಂದು ಬಹುಜನರು ತಿಳಿದಿದ್ದಾರೆ. ಆದರೆ ಹತ್ತು ವರ್ಷಗಳ ತರುವಾಯ, ಮಾಲಿಯು ತಾನೇ ತಾಯಿಯಾಗಿದ್ದಾಗ, ಎರಡು ಮಕ್ಕಳೊಡನೆ ಮತ್ತೆ ಅದೇ ವಸತಿಗೆ ತರಲ್ಪಟ್ಟಳು. ೧೯೪೧ರಲ್ಲಿ ಅವಳು ಕೈಗೂಸನ್ನು ಎತ್ತಿಕೊಂಡು ಮತ್ತೊಮ್ಮೆ ಅದೇ ದಾರಿಯನ್ನು ನಡೆದಳು. ದೊಡ್ಡ ಮಗಳು ಡೋರಿಸ್ ಹಿಂದುಳಿಯಬೇಕಾಯಿತು. ಎತ್ತಿಕೊಂಡು ಹೋದ ಮಗುವನ್ನೂ ಕೆಲವು ವರ್ಷಗಳಲ್ಲಿ ಒಯ್ದರು. ಹಿಂದುಳಿದ ಆ ಡೋರಿಸ್ ಪಿಲ್ಕಿಂಗ್ಟನ್ ಗರಿಮಾರಾ ಅವರೇ ೧೯೯೬ರಲ್ಲಿ ತಾಯಿಯ ಈ ಪ್ರಯಾಣವನ್ನು ಗ್ರಂಥರೂಪವಾಗಿ ಬರೆದು ಲೋಕಕ್ಕೆ ತಿಳಿಸಿದರು.

ಗೃಹಗಳ ವಿಷಯದಲ್ಲಿ ಹೆಚ್ಚು ವಿಸ್ತರಿಸುವುದು ಅನಾವಶ್ಯಕ. ನ್ಯೂ ಸೌತ್ ವೇಲ್ಸಿನಲ್ಲಿ ಹುಡುಗಿಯರಿಗೆ ಕೂಟಮಂಡ್ರದ ಗೃಹ, ಹುಡುಗರಿಗೆ ಕಿಂಚೆಲದ ಗೃಹ. ಹುಡುಗಿಯರನ್ನು ಬಿಳಿಯರ ಮನೆಗೆಲಸಕ್ಕೂ, ಹುಡುಗರನ್ನು ಹೊಲಗೆಲಸಕ್ಕೂ ಸಿದ್ಧಪಡಿಸುವುದೇ ಅಲ್ಲಿಯ ಶಿಕ್ಷಣ. ೧೯೨೪ರಿಂದ ೧೯೭೦ರವರೆಗೆ ನಡೆದ ಕಿಂಚೆಲದಲ್ಲಿ ಹುಡುಗರನ್ನು ಹೆಸರಿನಿಂದ ಕೂಗದೆ ಅಂಕೆಯಿಂದ ಕೂಗುತ್ತಿದ್ದರೆಂದು ಅಲ್ಲಿ ಬೆಳೆದವರು ಹೇಳಿದ್ದಾರೆ. ತಾಯ್ನುಡಿಯನ್ನು ಆಡಿದ ಮಕ್ಕಳಿಗೆ ಅನೇಕ ಗೃಹಗಳಲ್ಲಿ ದಂಡನೆಯಾಗುತ್ತಿದ್ದಿತು. ತಾಯಿ ಸತ್ತಳೆಂದು ಬದುಕಿರುವ ತಾಯಿಯ ಮಕ್ಕಳಿಗೆ ಹೇಳಿದ್ದೂ ಉಂಟು. ನಾಮಕರಣವನ್ನು ಸಂಸ್ಕಾರಗಳಲ್ಲಿ ಎಣಿಸುವ ಜನಕ್ಕೆ, ಇಟ್ಟ ಹೆಸರನ್ನು ತೆಗೆದು ಅಂಕೆಯನ್ನಿಡುವುದರ ಅರ್ಥವು ವ್ಯಾಖ್ಯಾನವನ್ನು ಬೇಡುವುದಿಲ್ಲ.

ಇದೊಂದು ದೂರದೇಶದ ವಿಕಾರವೆಂದು ಎಣಿಸಿ ಸುಮ್ಮನಾಗುವುದಕ್ಕೂ ಆಗುವುದಿಲ್ಲ. ಅದೇ ಸಾಮ್ರಾಜ್ಯದ ಆಡಳಿತವು ಇಂಡಿಯಾದೇಶದಲ್ಲಿ ೧೮೭೧ರಲ್ಲಿ ಕೆಲವು ಜಾತಿಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಗಣಿಸುವ ಶಾಸನವನ್ನು ಮಾಡಿದ್ದಿತು. ೧೮೯೭ರ ತಿದ್ದುಪಡಿಯು ಆ ಜಾತಿಗಳ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಸುಧಾರಣೆಯ ವಸತಿಗಳಲ್ಲಿಡುವುದಕ್ಕೆ ಅಧಿಕಾರ ಕೊಟ್ಟಿತು. ಬಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಆ ಶಾಸನದಡಿ ನಡೆದ ಸೆಟ್ಲ್‌ಮೆಂಟುಗಳ ನೆನಪು ಆ ಊರುಗಳಲ್ಲಿ ಪೂರ್ತಿಯಾಗಿ ಅಳಿದಿಲ್ಲ. ಶಾಸನವು ೧೯೫೨ರಲ್ಲಿ ರದ್ದಾಯಿತು. ಇಲ್ಲಿ ನಿಮಿತ್ತವು ಅಪರಾಧದ ಶಂಕೆ, ಅಲ್ಲಿ ಮೈಬಣ್ಣ. ಎರಡನ್ನೂ ಒಂದೇ ಎನ್ನುವಂತಿಲ್ಲ. ಆದರೂ ಮಕ್ಕಳನ್ನು ಹೆತ್ತವರಿಂದ ಉದ್ಧರಿಸಬೇಕೆಂಬ ವಿಚಾರಸರಣಿಯು ಎರಡಕ್ಕೂ ಸಾಧಾರಣವಾದುದು.

ಪ್ರಕೃತಕ್ಕೆ ಬರೋಣ. ನ್ಯೂ ಸೌತ್ ವೇಲ್ಸಿನ ಬೋರ್ಡು ೧೯೬೯ರಲ್ಲಿ ಮುಚ್ಚಿತು. ಕಡತಗಳು ಉಳಿದವು. ಪೀಟರ್ ರೀಡ್ ಎಂಬ ಇತಿಹಾಸಜ್ಞರು ಆ ಕಡತಗಳನ್ನು ಶೋಧಿಸಿ ೧೯೮೧ರಲ್ಲಿ ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದರು. ‘ಅಪಹೃತ ಸಂತತಿಗಳು’ ಎಂಬ ಹೆಸರು ಅದರಿಂದಲೇ ರೂಢಿಗೆ ಬಂದಿತು. ಮಗುವನ್ನು ವಶಪಡಿಸಿಕೊಂಡುದಕ್ಕೆ ಕಾರಣವೇನೆಂದು ಬರೆಯಬೇಕಾದ ಸ್ಥಳದಲ್ಲಿ ಕೆಲವು ಅಧಿಕಾರಿಗಳು ಮೂಲನಿವಾಸಿಯಾದುದರಿಂದ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದರೆಂಬುದನ್ನು ಅವರು ಎತ್ತಿ ತೋರಿಸಿದರು. ಇಲ್ಲಿ ಲಿಖಿತವೇ ಲೇಖಕನ ವಿರುದ್ಧ ಸಾಕ್ಷಿ ನುಡಿಯಿತು. ಅದಕ್ಕೆ ಒಂದು ವರ್ಷ ಮುಂಚೆಯೇ ಕಾರಲ್ ಎಡ್ವರ್ಡ್ಸ್ ಅವರೊಡನೆ ಸೇರಿ ರೀಡ್ ಅವರು ‘ಲಿಂಕ್-ಅಪ್’ ಎಂಬ ಸಂಸ್ಥೆಯನ್ನು ಆರಂಭಿಸಿದ್ದರು. ಎಡ್ವರ್ಡ್ಸ್ ಅವರು ತಾವೇ ಕೂಟಮಂಡ್ರದಲ್ಲಿ ಬೆಳೆದವರು. ಅಗಲಿದವರನ್ನು ಕುಟುಂಬಗಳೊಡನೆ ಸೇರಿಸುವುದು ಸಂಸ್ಥೆಯ ಉದ್ದೇಶ. ಬೇರ್ಪಡಿಸುವುದಕ್ಕಾಗಿ ಬರೆದ ಪತ್ರಗಳೇ ಕೂಡಿಸುವುದಕ್ಕೂ ಸಾಧನವಾದುದು ಗಮನಾರ್ಹ.

೧೯೯೫ರಲ್ಲಿ ನೇಮಕವಾದ ವಿಚಾರಣೆಯನ್ನು ಸರ್ ರೊನಾಲ್ಡ್ ವಿಲ್ಸನ್ ಮತ್ತು ಮಿಕ್ ಡಾಡ್ಸನ್ ಅವರು ಮುಖ್ಯವಾಗಿ ನಡೆಸಿದರು. ವಿಲ್ಸನ್ ಅವರು ದೇಶದ ಅತ್ಯುಚ್ಚ ನ್ಯಾಯಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ಡಾಡ್ಸನ್ ಅವರು ಮೂಲನಿವಾಸಿಗಳಲ್ಲಿ ಹುಟ್ಟಿದವರು. ೫೩೫ ಮೂಲನಿವಾಸಿಗಳ ಹೇಳಿಕೆಗಳನ್ನು ಅವರು ಪಡೆದರು. ೧೯೧೦ರಿಂದ ೧೯೭೦ರವರೆಗಿನ ಅವಧಿಯಲ್ಲಿ ಮೂಲನಿವಾಸಿಗಳ ಮಕ್ಕಳಲ್ಲಿ ಹತ್ತರಲ್ಲಿ ಒಂದಕ್ಕೆ ಕಡಮೆಯಿಲ್ಲದೆ, ಮೂರರಲ್ಲಿ ಒಂದಕ್ಕೆ ಮೀರದೆ ಬಲಾತ್ಕಾರದಿಂದ ಒಯ್ಯಲ್ಪಟ್ಟಿರಬೇಕೆಂದು ಅಂದಾಜು ಮಾಡಿ, ೫೪ ಶಿಫಾರಸುಗಳನ್ನು ಮಾಡಿದರು. ಈ ಕ್ರಮವು ೧೯೪೮ರ ಅಂತರರಾಷ್ಟ್ರೀಯ ಒಡಂಬಡಿಕೆಯ ಅರ್ಥದಲ್ಲಿ ಜನಾಂಗನಾಶವೆನಿಸುವುದೆಂದೂ ಹೇಳಿದರು. ಆಕ್ಷೇಪಗಳು ಕೂಡಲೆ ಎದ್ದವು. ಹೇಳಿಕೆ ಕೊಟ್ಟವರನ್ನು ಪಾಟೀಸವಾಲಿಗೆ ಗುರಿಪಡಿಸಲಿಲ್ಲವೆಂದು ಕೆಲವರು ದೂರಿದರು. ಒಯ್ಯಲ್ಪಟ್ಟವರು ನೂರಕ್ಕೆ ಹತ್ತರೊಳಗಾದುದರಿಂದ ‘ಸಂತತಿ’ಯೆಂಬ ಶಬ್ದವೇ ಸಲ್ಲದೆಂದು ೨೦೦೦ದಲ್ಲಿ ಸರಕಾರವೇ ವಾದಿಸಿತು. ಕೊಡೆ ಹಿಡಿದವರು ಕೆಲವರೇ ಇದ್ದರೂ ಇಡೀ ಗುಂಪನ್ನು ಕೊಡೆಯವರು ಹೋಗುತ್ತಾರೆ ಎನ್ನುವ ಛತ್ರಿನ್ಯಾಯವನ್ನು ಬಲ್ಲವರಿಗೆ ಈ ವಾದವು ನಗೆಯನ್ನು ತಂದೀತು. ಅದೂ ಅಲ್ಲದೆ, ಒಂದು ಮಗುವನ್ನು ಒಯ್ದಾಗ ದುಃಖಪಟ್ಟವರು ಆ ಮಗುವೊಂದೇ ಅಲ್ಲವಷ್ಟೆ.

ಮೊದಲನೆಯ ಆಕ್ಷೇಪಕ್ಕೆ ಮಾತ್ರ ತೂಕವುಂಟು. ಪರೀಕ್ಷಿಸದ ಸಾಕ್ಷಿಯನ್ನು ಹಾಗೆಯೇ ಸ್ವೀಕರಿಸುವುದು ಶಾಸ್ತ್ರೀಯವಲ್ಲ. ಆದರೆ ಪರೀಕ್ಷಿಸದ ಲಿಖಿತವನ್ನು ಸ್ವೀಕರಿಸುವುದು ಹೇಗೆ ಶಾಸ್ತ್ರೀಯವಾದೀತು? ಇದಕ್ಕೆ ಎರಡು ವ್ಯಾಜ್ಯಗಳು ನಿದರ್ಶನವಾಗಿವೆ.

ಉತ್ತರ ಪ್ರಾಂತದಲ್ಲಿ ಲೋರ್ನಾ ಕುಬಿಲ್ಲೊ ಮತ್ತು ಪೀಟರ್ ಗನ್ನರ್ ಎಂಬವರು ತಮ್ಮನ್ನು ಬಾಲ್ಯದಲ್ಲಿ ಒಯ್ದುದಕ್ಕಾಗಿ ಕೇಂದ್ರಸರಕಾರದ ಮೇಲೆ ಹೂಡಿದ ವ್ಯಾಜ್ಯವು ೨೦೦೦ದ ಆಗಸ್ಟಿನಲ್ಲಿ ತೀರ್ಮಾನವಾಯಿತು, ಇಬ್ಬರೂ ಸೋತರು. ೧೯೫೬ರಲ್ಲಿ ಒಯ್ಯಲ್ಪಟ್ಟ ಗನ್ನರರ ಪಕ್ಷಕ್ಕೆ ದೊಡ್ಡ ಬಾಧಕವಾದುದು ಒಂದು ಕಾಗದ. ಅದು ತಾಯಿಯ ಸಮ್ಮತಿಪತ್ರವೆಂದು ಹೇಳಿಕೊಳ್ಳುವ ಅಚ್ಚಿನ ನಮೂನೆ. ಐರೋಪ್ಯಕ್ರಮದಲ್ಲಿ ತನ್ನ ಮಗನಿಗೆ ವಿದ್ಯಾಭ್ಯಾಸವಾಗಬೇಕೆಂದು ತಾನೇ ಬೇಡುತ್ತಿರುವುದಾಗಿ, ನ್ಯಾಯವಾದಿಗಳ ಇಂಗ್ಲಿಷಿನಲ್ಲಿ, ಆ ತಾಯಿಯ ಬಾಯಿಂದ ನುಡಿಸಿದ ವಾಕ್ಯಗಳು ಅದರಲ್ಲಿವೆ. ಕೆಳಗೆ ಹೆಬ್ಬೆಟ್ಟಿನ ಗುರುತು. ಆ ಗುರುತು ಅವಳದೇ ಎಂಬುದಾಗಲಿ, ಬರೆದುದು ಅವಳಿಗೆ ತಿಳಿದಿದ್ದಿತೆಂಬುದಾಗಲಿ ನಿಶ್ಚಯಿಸಲು ಸಾಧ್ಯವಿಲ್ಲವೆಂದು ನ್ಯಾಯಾಧೀಶರೇ ಒಪ್ಪಿದರು. ತಾಯಿಯೂ ಅಷ್ಟರಲ್ಲಿ ತೀರಿಹೋಗಿದ್ದಳು. ಆದರೂ ಕಾಗದವು ಮೇಲ್ನೋಟಕ್ಕೆ ಸಮ್ಮತಿಯನ್ನು ತೋರಿಸುತ್ತದೆಂದು ನಿರ್ಣಯವಾಯಿತು. ಲಿಖಿತ, ಭುಕ್ತಿ, ಸಾಕ್ಷಿಗಳನ್ನು ಪ್ರಮಾಣವೆಂದು ಎಣಿಸಿದ ಯಾಜ್ಞವಲ್ಕ್ಯನು ಸ್ವಹಸ್ತದ ಲೇಖ್ಯಕ್ಕೆ ಹೆಚ್ಚಿನ ಬಲವನ್ನು ಕೊಟ್ಟರೂ, ಬಲದಿಂದಲೂ ಉಪಧಿಯಿಂದಲೂ ಮಾಡಿಸಿದುದನ್ನು ಹೊರಗಿಟ್ಟಿದ್ದಾನೆ. ಕಲ್ಯಾಣದಲ್ಲಿ ಕುಳಿತು ಆ ಸ್ಮೃತಿಗೆ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನೂ ಅಕ್ಷರವರಿಯದವನ ಸಮ್ಮತಿಯನ್ನು ಬರೆಯಿಸುವ ಕ್ರಮವನ್ನು ವಿಚಾರಿಸದೆ ಬಿಟ್ಟಿಲ್ಲ. ಓದಲಾರದವನ ಹೆಸರಿನಲ್ಲಿ ಪ್ರಬಲನು ಬರೆಯಿಸಿದ ಪತ್ರವನ್ನು ಕುರಿತು ಇಷ್ಟು ಶಂಕೆ ಹಳೆಯ ನಿಬಂಧಕಾರರಿಗೇ ಇದ್ದಿತು.

ಎರಡನೆಯದು ದಕ್ಷಿಣ ಆಸ್ಟ್ರೇಲಿಯದ ಬ್ರೂಸ್ ಟ್ರೆವರೊ ಅವರ ವ್ಯಾಜ್ಯ. ೧೯೫೭ರ ಕ್ರಿಸ್ಮಸ್ ಹಬ್ಬದ ದಿನ ಹದಿಮೂರು ತಿಂಗಳ ಈ ಕೂಸಿಗೆ ಹೊಟ್ಟೆನೋವು ಕಾಣಿಸಿಕೊಳ್ಳಲು, ಅಡಿಲೇಡಿನ ಮಕ್ಕಳ ಆಸ್ಪತ್ರೆಗೆ ಕಳುಹಿಸಿದರು. ಸ್ವಲ್ಪ ದಿನಗಳಲ್ಲಿಯೇ, ತಂದೆತಾಯಿಗಳಿಗೆ ತಿಳಿಸದೆ, ಮಗುವನ್ನು ಒಂದು ಬಿಳಿಯ ಕುಟುಂಬಕ್ಕೆ ಒಪ್ಪಿಸಲಾಯಿತು. ಮರುವರ್ಷ ತಾಯಿಯು ಬೋರ್ಡಿಗೆ ಒಂದು ಕಾಗದವನ್ನು ಬರೆದು, ಮಗು ಹೇಗಿದೆ, ಎಂದು ಮನೆಗೆ ಬಂದೀತು ಎಂದು ವಿಚಾರಿಸಿದಳು. ಮಗುವು ಗುಣಹೊಂದುತ್ತಿದೆ, ಇನ್ನೂ ಚಿಕಿತ್ಸೆಗಾಗಿ ಇರಬೇಕಾಗಿದೆ ಎಂಬರ್ಥದ ಉತ್ತರ ಬಂದಿತು. ಆಗ ಮಗುವು ಆಸ್ಪತ್ರೆಯನ್ನು ಬಿಟ್ಟು ಎಷ್ಟೋ ತಿಂಗಳಾಗಿದ್ದಿತು. ಸುಮಾರು ಅರ್ಧಶತಮಾನದ ಮೇಲೆ ಆ ಎರಡು ಕಾಗದಗಳೂ ನ್ಯಾಯಸ್ಥಾನದಲ್ಲಿ ಓದಲ್ಪಟ್ಟವು. ಸಮ್ಮತಿಯಿಲ್ಲದೆ ಹೀಗೆ ಮಕ್ಕಳನ್ನು ಒಯ್ಯಲು ಅಧಿಕಾರವಿಲ್ಲವೆಂದು ಸರಕಾರದ ವಕೀಲರೇ ಮುಂಚೆ ಸಲಹೆ ಕೊಟ್ಟಿದ್ದುದೂ ಕಡತಗಳಿಂದಲೇ ಹೊರಬಿದ್ದಿತು. ೨೦೦೭ರ ಆಗಸ್ಟ್ ೧ರಂದು ನ್ಯಾಯಾಧೀಶ ಗ್ರೇ ಅವರು ಟ್ರೆವರೊ ಅವರಿಗೆ ೫,೨೫,೦೦೦ ಡಾಲರುಗಳ ಪರಿಹಾರವನ್ನು ವಿಧಿಸಿದರು. ಅವರು ಮರುವರ್ಷ ಜೂನಿನಲ್ಲಿ ತೀರಿಕೊಂಡರು. ಒಬ್ಬ ತಾಯಿಯ ಕಾಗದವು ಉಳಿದುದರಿಂದ ಮಗನು ಗೆದ್ದನು. ಇನ್ನೊಬ್ಬ ತಾಯಿಯದೆಂಬ ಹೆಬ್ಬೆಟ್ಟು ಉಳಿದುದರಿಂದ ಮಗನು ಸೋತನು. ಬರೆಯಲಾರದೆ, ಅಳುತ್ತ ಉಳಿದ ಮಿಕ್ಕ ತಾಯಂದಿರ ವಿಷಯದಲ್ಲಿ ಮಕ್ಕಳ ಬಾಯಿಮಾತಲ್ಲದೆ ಬೇರೆ ಪ್ರಮಾಣವೆಲ್ಲಿಯದು?

ಇನ್ನು ‘ಸಾರಿ’ ಎಂಬ ಶಬ್ದದ ವಿಚಾರ. ನೋವುಳ್ಳವನು ಎಂಬುದು ಇಂಗ್ಲಿಷಿನಲ್ಲಿ ಇದರ ಹಳೆಯ ಅರ್ಥ. ಹುಣ್ಣಿಗೆ ಹೇಳುವ ಮಾತಿಗೂ ಇದಕ್ಕೂ ಮೂಲವೊಂದೇ. ತರುವಾಯ ತಪ್ಪೊಪ್ಪಿಗೆಯ ಅರ್ಥವು ಪ್ರಬಲವಾಯಿತು. ಆಸ್ಟ್ರೇಲಿಯದ ಮೂಲನಿವಾಸಿಗಳು ಆಡುವ ಇಂಗ್ಲಿಷಿನಲ್ಲಾದರೋ ಈ ಮಾತು ಸತ್ತವರಿಗಾಗಿ ಬಂಧುಗಳೆಲ್ಲ ಸೇರಿ ನಡೆಸುವ ಶೋಕಾಚರಣೆಗೆ ಸಲ್ಲುತ್ತದೆ. ಪ್ರಧಾನಿ ಜಾನ್ ಹೊವರ್ಡ್ ಅವರು ಹಿಂದಿನವರ ತಪ್ಪಿಗೆ ಇಂದಿನವರು ಹೊಣೆಯಲ್ಲವೆಂದು ವಾದಿಸಿ, ೧೯೯೯ರ ಆಗಸ್ಟ್ ೨೬ರಂದು ಪಾರ್ಲಿಮೆಂಟಿನಲ್ಲಿ ತಂದ ನಿರ್ಣಯದಲ್ಲಿ ಈ ಶಬ್ದವನ್ನು ಬಿಟ್ಟು, ಆಳವಾದ ವಿಷಾದವೆಂಬ ಮಾತನ್ನು ಬಳಸಿದರು. ವಿಷಾದವು ಪಡುವವನಲ್ಲಿಯೇ ನಿಂತುಹೋಗುವ ಭಾವ. ಕ್ಷಮಾಪಣವಾದರೋ ಣಿಜಂತವಾದ ಧಾತುವಿನಿಂದ ಹುಟ್ಟಿದುದರಿಂದ ಕ್ಷಮಿಸತಕ್ಕ ಇನ್ನೊಬ್ಬನನ್ನು ಅಪೇಕ್ಷಿಸುತ್ತದೆ. ಅವನ ಮುಂದೆ ನಿಂತು ಆಡಬೇಕಾದ ಮಾತದು. ಮೂಲನಿವಾಸಿಗಳು ಬೇಡಿದುದು ಶೋಕದಲ್ಲಿ ಭಾಗವಹಿಸುವುದನ್ನೂ ಹೌದು. ಸಾವಿನ ಮನೆಗೆ ಬಂದು ಬಾಗಿಲಲ್ಲಿ ನಿಂತವನು, ಈ ಸಾವಿಗೆ ತಾನು ಕಾರಣನಲ್ಲವೆಂದು ಹೇಳುವುದು ಯಾವ ದೇಶದ ಮರ್ಯಾದೆಯೂ ಅಲ್ಲ. ಜನಸಾಮಾನ್ಯರು ಅಷ್ಟುಹೊತ್ತು ಕಾಯಲಿಲ್ಲ. ೧೯೯೮ರಲ್ಲಿ ಊರೂರುಗಳಲ್ಲಿ ಇಟ್ಟ ‘ಸಾರಿ ಪುಸ್ತಕ’ಗಳಲ್ಲಿ ಅಸಂಖ್ಯಾತ ಜನರು ಸಹಿ ಹಾಕಿದರು, ೨೦೦೦ದ ಮೇ ೨೮ರಂದು ಸಿಡ್ನಿಯ ಬಂದರಿನ ಸೇತುವೆಯ ಮೇಲೆ ಸುಮಾರು ೨,೫೦,೦೦೦ ಮಂದಿ ಸಂಧಾನಕ್ಕಾಗಿ ನಡೆದರು.

೨೦೦೮ರ ಫೆಬ್ರವರಿ ೧೩ರಂದು ಪ್ರಧಾನಿ ಕೆವಿನ್ ರಡ್ ಅವರು ಪಾರ್ಲಿಮೆಂಟಿನಲ್ಲಿ ಆ ಶಬ್ದವನ್ನು ಪುನಃಪುನಃ ಉಚ್ಚರಿಸಿ ಕ್ಷಮಾಪಣವನ್ನು ಮಾಡಿದರು. ಒಯ್ಯಲ್ಪಟ್ಟ ವೃದ್ಧರು ಸಭೆಯಲ್ಲಿ ಕುಳಿತು ಕೇಳಿದರು. ಅದರೊಡನೆ ಧನಪರಿಹಾರವು ಬರಲಿಲ್ಲ. ಪರಿಹಾರಕ್ಕಾಗಿ ಟಾಸ್ಮೇನಿಯ ೨೦೦೬ರಲ್ಲಿಯೇ ಶಾಸನವನ್ನು ಮಾಡಿದ್ದಿತು. ದಕ್ಷಿಣ ಆಸ್ಟ್ರೇಲಿಯ ೨೦೧೫ರಲ್ಲಿಯೂ, ನ್ಯೂ ಸೌತ್ ವೇಲ್ಸ್ ೨೦೧೭ರಲ್ಲಿಯೂ, ವಿಕ್ಟೋರಿಯ ೨೦೨೨ರಲ್ಲಿಯೂ ಏರ್ಪಾಡು ಮಾಡಿದವು. ಅಷ್ಟರಲ್ಲಿ ಅನೇಕರು ತೀರಿಹೋಗಿದ್ದರು. ಮೂಲನಿವಾಸಿಗಳ ಮಾತು ಪಾರ್ಲಿಮೆಂಟಿಗೆ ಮುಟ್ಟುವಂತೆ ರಾಜ್ಯಾಂಗದಲ್ಲಿ ಒಂದು ಮಂಡಲಿಯನ್ನು ಏರ್ಪಡಿಸಬೇಕೆಂಬ ಸೂಚನೆಯು ೨೦೨೩ರ ಅಕ್ಟೋಬರ್ ೧೪ರಂದು ಜನಮತಕ್ಕೆ ಹೋಗಿ, ನೂರಕ್ಕೆ ಸುಮಾರು ಅರವತ್ತು ಮಂದಿಯ ನಿರಾಕರಣೆಯಿಂದ ಬಿದ್ದುಹೋಯಿತು.

ಕ್ಷಮಾಪಣದ ದಿನ, ನಾಲ್ಕು ವರ್ಷದವರಾಗಿದ್ದಾಗ ಕೂಟಮಂಡ್ರಕ್ಕೆ ಒಯ್ಯಲ್ಪಟ್ಟಿದ್ದ ಲೊರೇನ್ ಪೀಟರ್ಸ್ ಅವರು ಪಾರ್ಲಿಮೆಂಟಿಗೆ ಒಂದು ಕಾಣಿಕೆಯನ್ನು ಕೊಟ್ಟರು. ಅದು ಗಾಜಿನಿಂದ ಮಾಡಿದ ‘ಕೂಲಮನ್’ ಎಂಬ ಪಾತ್ರೆ. ಮೂಲನಿವಾಸಿಗಳ ಸ್ತ್ರೀಯರು ಮರದ ಕೂಲಮನ್ನಿನಲ್ಲಿ ಕಾಳು ನೀರುಗಳನ್ನು ತರುತ್ತಾರೆ. ಎಳೆಗೂಸನ್ನು ಮಲಗಿಸಿಕೊಂಡು ಹೋಗುವುದೂ ಅದರಲ್ಲಿಯೇ. ಗಾಜಿನ ಆ ಪಾತ್ರೆಯನ್ನು ಈಗಲೂ ಕ್ಯಾನ್‌ಬೆರಾದ ಪಾರ್ಲಿಮೆಂಟು ಭವನದಲ್ಲಿ ಇಟ್ಟಿದ್ದಾರೆ.